ಪಹಣಿಯ ಲೆಕ್ಕಕ್ಕೂ ಬೇಕು ಜಮಾಬಂದಿ

ಜಮಖಂಡಿ, ಮುಧೋಳ, ಬೀಳಗಿ ಭಾಗದ ರೈತರು ‘ಉತಾರ’ ಎಂದು ಕರೆಯುವ ಪಹಣಿಯು ಬೆಳೆಸಾಲಕ್ಕೂ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆಯಾಗುವ ಜಮೀನಿನ ಪರಿಹಾರಕ್ಕೂ ಮೂಲ ದಾಖಲೆ. 2002ರ ವೇಳೆಗೆ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕೀಕೃತಗೊಂಡವು. ಗ್ರಾಮ ಲೆಕ್ಕಿಗನ ಕೈಬರಹದ ಜಾಗಕ್ಕೆ ತಂತ್ರಾಂಶ ಬಂದಿತು. ಆ ತಂತ್ರಾಂಶದ ಲೆಕ್ಕವನ್ನು ಪರೀಕ್ಷಿಸುವವರು ಯಾರು ಎಂಬ ಪ್ರಶ್ನೆ ಮಾತ್ರ ಸಾರ್ವಜನಿಕ ಚರ್ಚೆಗೆ ಬಂದದ್ದು ವಿರಳ.

ಒಂದು ಉದಾಹರಣೆ ನೋಡೋಣ. 5 ಎಕರೆ 10 ಗುಂಟೆ ಜಮೀನು ಮೂವರು ಅಣ್ಣತಮ್ಮಂದಿರಲ್ಲಿ ವಾಟ್ನಿಯಾಗಬೇಕು. ಎಕರೆಗೆ 40 ಗುಂಟೆಯಂತೆ ಒಟ್ಟು 210 ಗುಂಟೆ; ತಲಾ 70, ಅಂದರೆ 1 ಎಕರೆ 30 ಗುಂಟೆ. ತಂತ್ರಾಂಶವು ಇದನ್ನು 5.10 ಎಂಬ ದಶಮಾಂಶವಾಗಿ ಭಾವಿಸಿದರೆ ತಲಾ 1.70 ಬರುತ್ತದೆ. ಅದನ್ನೇ 1 ಎಕರೆ 70 ಗುಂಟೆ ಎಂದು ದಾಖಲಿಸಿದರೆ ಮೂವರಿಗೂ ಸೇರಿ 8 ಎಕರೆ 10 ಗುಂಟೆ! ಇಲ್ಲದ 3 ಎಕರೆ ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ. ಅದರ ಹಿಂದೆಯೇ ವ್ಯಾಜ್ಯವೂ.

ಇಂತಹ ಪ್ರಮಾದ ತಡೆಯುವ ಕ್ರಮವೇ ಸ್ವಯಂಚಾಲಿತ ಪರೀಕ್ಷೆ. ಪ್ರಶ್ನೆಯನ್ನೂ ಸರಿಯುತ್ತರವನ್ನೂ ಮೊದಲೇ ಬರೆದಿಟ್ಟರೆ, ತಂತ್ರಾಂಶದ ಒಂದು ಸಾಲು ಬದಲಾದಾಗಲೂ ಯಂತ್ರವೇ ಅಂತಹ ನೂರಾರು ಪ್ರಶ್ನೆಗಳನ್ನು ಮತ್ತೆ ಕೇಳುತ್ತದೆ. ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ರೂಪಿಸಿದ ‘ಜೆಯುನಿಟ್’ 1990ರ ದಶಕದ ಕೊನೆಯಿಂದ ಈ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಹಿಂದೆ ಜಮಖಂಡಿ ತಾಲ್ಲೂಕಿನಲ್ಲಿದ್ದ ರಬಕವಿ-ಬನಹಟ್ಟಿ ಪ್ರತ್ಯೇಕ ತಾಲ್ಲೂಕಾದಂತಹ ಸಂದರ್ಭದಲ್ಲಿ, ಹಳ್ಳಿಗಳ ದಾಖಲೆಗಳು ಹೊಸ ತಾಲ್ಲೂಕಿಗೆ ಸೇರುವಾಗ, ಹಳೆಯ ಪರೀಕ್ಷೆಗಳೆಲ್ಲವೂ ಮತ್ತೊಮ್ಮೆ ನಡೆಯಬೇಕಾಗುತ್ತದೆ.

ಪರೀಕ್ಷೆ ವಿಫಲವಾದಾಗ ‘ತಪ್ಪಾಗಿದೆ’ ಎಂದಷ್ಟೇ ಹೇಳಿದರೆ ಸಾಲದು. ‘ಬರಬೇಕಾದದ್ದು 70 ಗುಂಟೆ, ಬಂದದ್ದು 110’ ಎಂದು ತಂತ್ರಾಂಶವು ಹಂತಹಂತವಾಗಿ ತಿಳಿಸಬೇಕು. ತಂತ್ರಜ್ಞರು ಇದನ್ನು ‘ಡಿಬಗ್ ಔಟ್‌ಪುಟ್’ ಎನ್ನುತ್ತಾರೆ. ಇದು ಅವರ ದಾಖಲೆಯಲ್ಲಿರಬೇಕೇ ಹೊರತು ಕಚೇರಿಯ ಪರದೆಯ ಮೇಲಲ್ಲ. ಅದರಲ್ಲಿ ರೈತರ ಆಧಾರ್ ಸಂಖ್ಯೆ ಸೋರಲೂಬಾರದು. ಕಿಟಕಿಯ ಮುಂದೆ ನಿಂತ ರೈತನಿಗೆ ‘ಸರ್ವರ್ ಇಲ್ಲ’ ಎಂಬ ಸಿದ್ಧ ಉತ್ತರದ ಬದಲು, ಅಡಚಣೆ ಏನೆಂಬುದರ ಸರಳ ಕನ್ನಡ ವಿವರಣೆ ಮತ್ತು ದೂರಿನ ಸಂಖ್ಯೆ ದೊರೆಯಬೇಕು.

ಗ್ರಾಮದ ಲೆಕ್ಕವನ್ನು ಬರೆದವರೇ ಸರಿಯೆಂದು ಪ್ರಮಾಣೀಕರಿಸಿದರೆ ಸಾಲದು, ಮೇಲಧಿಕಾರಿ ವರ್ಷಕ್ಕೊಮ್ಮೆ ತಪಾಸಣೆ ಮಾಡಬೇಕು ಎಂಬುದು ಕಂದಾಯ ಆಡಳಿತದ ಜಮಾಬಂದಿ ಪದ್ಧತಿಯ ತಿರುಳು. ತಂತ್ರಾಂಶಕ್ಕೂ ಅದೇ ನ್ಯಾಯ ಸಲ್ಲಬೇಕು. ಪರೀಕ್ಷೆಯ ಪ್ರಶ್ನೆಗಳನ್ನು ಹಿಸ್ಸೆ, ಪೋಡಿಗಳ ತೊಡಕು ಬಲ್ಲ ಭೂಮಾಪಕರು ಹಾಗೂ ಗ್ರಾಮ ಆಡಳಿತಾಧಿಕಾರಿಗಳು ಸಿದ್ಧಪಡಿಸಲಿ. ಫಲಿತಾಂಶವನ್ನು ಇಲಾಖೆ ಪ್ರಕಟಿಸಲಿ. ತಪ್ಪಾಗಿ ನಮೂದಾದ ಹೆಸರನ್ನು ಇಂತಹ ಪರೀಕ್ಷೆಗಳು ಪತ್ತೆ ಹಚ್ಚಲಾರವು, ನಿಜ. ಆದರೆ ಯಂತ್ರ ಮಾಡುವ ತಪ್ಪನ್ನು ಕಂಡುಹಿಡಿಯುವ ಹೊಣೆ ಉತಾರಕ್ಕಾಗಿ ಸರದಿಯಲ್ಲಿ ನಿಂತ ರೈತನ ಮೇಲಂತೂ ಬೀಳಬಾರದು.