ಮೆಣಸಿನ ಬೇರಿನ ಸುತ್ತ ಒಂದು ಮಿಲಿಮೀಟರ್

ಮುಂಗಾರು ಬಿರುಸಾದಂತೆ ಕೊಡಗಿನ ತೋಟಗಾರರಿಗೆ ಒಂದು ಅಂಜಿಕೆ. ಕಾಫಿ ತೋಟದ ನೆರಳಿನ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಇದ್ದಕ್ಕಿದ್ದಂತೆ ಎಲೆ ಉದುರಿಸಿ ಸತ್ತುಹೋಗುತ್ತದೆ. ಇದೇ ಶೀಘ್ರ ಸೊರಗು ರೋಗ. ಶಿಲೀಂಧ್ರವನ್ನು ಹೋಲುವ ಫೈಟಾಫ್ತೊರ ಎಂಬ ಜೀವಿ ಇದಕ್ಕೆ ಕಾರಣ. ತಡೆಗೆ ಬೋರ್ಡೋ ದ್ರಾವಣ ಬಳಸುವುದುಂಟು. ಸೂಡೊಮೊನಾಸ್ ಫ್ಲೂರೆಸೆನ್ಸ್ ಎಂಬ ಬ್ಯಾಕ್ಟೀರಿಯಾದ ಪುಡಿಯನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಬುಡಕ್ಕೆ ಹಾಕುವುದೂ ಉಂಟು. 'ಪುಡಿ ಹಾಕಿಯೂ ಬಳ್ಳಿ ಹೋಯಿತಲ್ಲ?' ಎನ್ನುವವರಿದ್ದಾರೆ. ಉತ್ತರದ ಒಂದು ಭಾಗ ಭೌತವಿಜ್ಞಾನದಲ್ಲಿದೆ.

ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಹಲವು ಪ್ರತಿಜೈವಿಕಗಳನ್ನು ತಯಾರಿಸುತ್ತವೆ. ಕ್ಷಯದ ಮದ್ದಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಸೆಲ್ಮನ್ ವಾಕ್ಸ್‌ಮನ್‌ರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಅವರಿಗೆ ದೊರೆತದ್ದು ಇಂಥದೊಂದು ಜೀವಿಯಿಂದಲೇ. (ಹೊಸ ಮಳೆಗೆ ಏಳುವ ಮಣ್ಣಿನ ವಾಸನೆಗೂ ಆ ಬಳಗವೇ ಮುಖ್ಯ ಕಾರಣ.) ನಮ್ಮ ಆರೋಗ್ಯಕ್ಕೂ ಅವುಗಳ ಶ್ರಮಕ್ಕೂ ಸಂಬಂಧವಿಲ್ಲ, ಬಿಡಿ. ಬೇರು ಸ್ರವಿಸುವ ಸಕ್ಕರೆ, ಅಮೈನೊ ಆಮ್ಲಗಳಿಗಾಗಿ ಅಲ್ಲಿ ಪೈಪೋಟಿ ಇದೆ. ನೆರೆಯವರನ್ನು ದೂರವಿಡಲು ಪ್ರತಿಜೈವಿಕ ನೆರವಾಗುತ್ತದೆ. ಪ್ರಮಾಣ ಅತ್ಯಲ್ಪವಾದಾಗ ಅದೇ ಅಣು ಕೊಲ್ಲದೆ, ನೆರೆಯ ಜೀವಿಗೆ ಸಂಕೇತವಾಗಿಯೂ ವರ್ತಿಸಬಲ್ಲದು.

ಈ ಅಣು ಎಷ್ಟು ದೂರ ಹೋದೀತು? ನಿಂತ ನೀರಿನಲ್ಲಿ ಅದು ವಿಸರಣೆಯಿಂದ ಚಲಿಸಬೇಕು. ವಿಸರಣೆಗೆ ಬೇಕಾಗುವ ಕಾಲ ದೂರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಸಕ್ಕರೆಯಂಥ ಸಣ್ಣ ಅಣು 1 ಮಿಲಿಮೀಟರ್ ಸಾಗಲು ಸುಮಾರು ಕಾಲು ಗಂಟೆ ಸಾಕು. 1 ಸೆಂಟಿಮೀಟರಿಗೆ ಅದರ ನೂರು ಪಟ್ಟು, ಎಂದರೆ ಒಂದು ದಿನಕ್ಕೂ ಹೆಚ್ಚು. 10 ಸೆಂಟಿಮೀಟರಿಗೆ ಮೂರು ತಿಂಗಳಿಗೂ ಮಿಕ್ಕಿ! ಮಣ್ಣಿನಲ್ಲಿ ದಾರಿ ಅಂಕುಡೊಂಕು. ಅಣುಗಳು ಜೇಡಿಕಣಗಳಿಗೂ ಅಂಟಿಕೊಳ್ಳುತ್ತವೆ. ಹೀಗಾಗಿ ವೇಗ ಇನ್ನೂ ಕಡಿಮೆ.

ಎದುರಾಳಿಯದು ಬೇರೆ ಲೆಕ್ಕ. ಫೈಟಾಫ್ತೊರದ ಬೀಜಕಗಳಿಗೆ ಕಶಾಂಗಗಳಿದ್ದು, ಅವು ನೀರಿನಲ್ಲಿ ಈಜುತ್ತವೆ. 1 ಮಿಲಿಮೀಟರ್ ದಾಟಲು ಹತ್ತಿಪ್ಪತ್ತು ಸೆಕೆಂಡು ಸಾಕು. ಆದ್ದರಿಂದ ಅವು ಬರುವ ಮೊದಲೇ ಬ್ಯಾಕ್ಟೀರಿಯಾ ಬೇರಿನ ಮೈಮೇಲೆ ನೆಲಸಿರಬೇಕು, ಅದೂ ದೊಡ್ಡ ಸಂಖ್ಯೆಯಲ್ಲಿ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ವರ್ಷಗಟ್ಟಲೆ ಗೋಧಿ ಬೆಳೆದ ಹೊಲಗಳಲ್ಲಿ ಬೇರಿನ ಒಂದು ಶಿಲೀಂಧ್ರ ರೋಗ ತಾನಾಗಿಯೇ ಇಳಿಯಿತು. ಅಲ್ಲಿ ಪ್ರತಿ ಗ್ರಾಂ ಬೇರಿಗೆ ಸುಮಾರು 1 ಲಕ್ಷಕ್ಕೂ ಹೆಚ್ಚು ಸೂಡೊಮೊನಾಸ್‌ಗಳು ಪ್ರತಿಜೈವಿಕ ತಯಾರಿಸುತ್ತಿದ್ದವು.

ಬಳ್ಳಿ ಸೊರಗಿದ ಮೇಲೆ ಹಾಕಿದ ಪುಡಿ, ಬಿಸಿಲಿನ ದಾಸ್ತಾನಿನಲ್ಲಿ ಸತ್ತ ಪುಡಿ, ಬೇರಿನಿಂದ ಒಂದಡಿ ಆಚೆ ಚೆಲ್ಲಿದ ಪುಡಿ ಏಕೆ ಸೋಲುತ್ತವೆಂದು ಈಗ ಊಹಿಸಬಹುದು. ಬೋರ್ಡೋ ದ್ರಾವಣದ ತಾಮ್ರ ಬ್ಯಾಕ್ಟೀರಿಯಾಕ್ಕೂ ವಿಷವೇ. ಎರಡನ್ನೂ ಒಟ್ಟಿಗೆ ಬುಡಕ್ಕೆ ಸುರಿಯುವುದು ಸಲ್ಲದು. ಇನ್ನು, ಬುಡದಲ್ಲಿ ನೀರು ನಿಂತರೆ ಬೀಜಕಗಳಿಗೆ ಈಜಲು ಕೊಳವೇ ಸಿಕ್ಕಂತೆ. ಮಳೆಗೆ ಮುನ್ನ ಬಸಿಗಾಲುವೆ ತೆಗೆಯುವ ಕೆಲಸವನ್ನು ಯಾವ ಪುಡಿಯೂ ತಪ್ಪಿಸದು.