ಟೂರ್ನಿಗೆ ಮುಂಚೆನೇ ಕೋಚ್ ಹೊರಡ್ತೀನಿ ಅಂದ್ರೆ ಟೀಮ್ ಗತಿ ಏನು?

ಕುರುಬರಹಳ್ಳಿಯ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ದಾರೆ: ಫುಟ್‌ಬಾಲ್ ವರ್ಲ್ಡ್ ಕಪ್ ಹತ್ರ ಬಂದಾಗ ದೇಶದ ಕೋಚ್ ಹೊರಡೋ ಸುದ್ದಿ ಬಂದ್ರೆ ಟೀಮ್ ಕೆಡಲ್ವಾ? ಒಳ್ಳೆ ಪ್ರಶ್ನೆ. ಕೆಟ್ಟ ಉದಾಹರಣೆ ಬೇಕಂದ್ರೆ 2018ರ ಸ್ಪೇನ್ ನೋಡಿ.

ಕೋಚ್ ಹುಲೆನ್ ಲೊಪೆಟೆಗಿ. ಮೇ ತಿಂಗಳಲ್ಲಷ್ಟೇ ಅವರ ಒಪ್ಪಂದ 2020ರವರೆಗೆ ವಿಸ್ತರಣೆ ಆಗಿತ್ತು. ಜೂನ್ 12ಕ್ಕೆ ರಿಯಲ್ ಮ್ಯಾಡ್ರಿಡ್ ಕ್ಲಬ್, ವರ್ಲ್ಡ್ ಕಪ್ ಮುಗಿದ ಮೇಲೆ ಇವರೇ ನಮ್ಮ ಕೋಚ್ ಅಂತ ಪ್ರಕಟಿಸಿಬಿಡ್ತು. ತಮಗೆ ವಿಷಯ ತಿಳಿದಿದ್ದೇ ಪ್ರಕಟಣೆಗೆ ಐದು ನಿಮಿಷ ಮುಂಚೆ ಅಂದ್ರು ಸ್ಪೇನ್ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ರುಬಿಯಾಲೆಸ್. ಮರುದಿನವೇ ಲೊಪೆಟೆಗಿ ವಜಾ! ಮೊದಲ ಪಂದ್ಯಕ್ಕೆ ಬರೀ ಎರಡು ದಿನ. ಫರ್ನಾಂಡೊ ಹಿಯೆರೊ ಕೈಗೆ ಟೀಮ್ ಕೊಟ್ರು. ಪೋರ್ಚುಗಲ್ ಜತೆ 3-3 ಡ್ರಾ, ಪ್ರೀ ಕ್ವಾರ್ಟರ್‌ನಲ್ಲಿ ರಷ್ಯಾ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ ಸೋತು ಮನೆಗೆ.

ಆ ಟೀಮ್‌ನಲ್ಲಿ ಮ್ಯಾಡ್ರಿಡ್ ಆಟಗಾರರೂ ಇದ್ರು, ಬಾರ್ಸಿಲೋನಾದವರೂ ಇದ್ರು. ಅವರಲ್ಲಿ ಕೆಲವರಿಗೆ ಮಾತ್ರ ಮುಂದಿನ ತಿಂಗಳಿಂದ ಬಾಸ್ ಆಗೋರು ಇವತ್ತು ಹನ್ನೊಂದು ಜನರನ್ನ ಆರಿಸ್ತಿದ್ದಾರೆ ಅಂದ್ರೆ, ಬೆಂಚ್ ಮೇಲೆ ಕೂತವನ ತಲೇಲಿ ಏನು ಓಡುತ್ತೆ? ಆದ್ರೂ ವಜಾ ಮಾಡಿದ್ದು ದುಡುಕು ಅಂತಲೇ ನನ್ನ ಅಭಿಪ್ರಾಯ. 1990ರಲ್ಲಿ ಇಂಗ್ಲೆಂಡ್‌ನ ಬಾಬಿ ರಾಬ್ಸನ್ ಕೂಡ ವರ್ಲ್ಡ್ ಕಪ್‌ಗೆ ಮುಂಚೆ ಪಿಎಸ್‌ವಿ ಕ್ಲಬ್‌ಗೆ ಒಪ್ಪಿಕೊಂಡಿದ್ರು. ಪತ್ರಿಕೆಗಳು ಉಗಿದವು, ಟೀಮ್ ಸೆಮಿಫೈನಲ್‌ವರೆಗೂ ಹೋಯ್ತು.

ನಮ್ಮ ಬೆಂಗಳೂರಲ್ಲೂ ಇಂಥ ಒಂದು ಕಥೆ ಇದೆ, ಆದ್ರೆ ಕ್ರಿಕೆಟ್‌ದು. ರಾಹುಲ್ ದ್ರಾವಿಡ್. 2024ರ ಟಿ20 ವರ್ಲ್ಡ್ ಕಪ್‌ಗೆ ಮುಂಚೆ, ಮೇ 13ಕ್ಕೇ ಬಿಸಿಸಿಐ ಹೊಸ ಕೋಚ್‌ಗೆ ಅರ್ಜಿ ಕರೆದಿತ್ತು. ಐರ್ಲೆಂಡ್ ಪಂದ್ಯಕ್ಕೆ ಎರಡು ದಿನ ಇದ್ದಾಗ, ಜೂನ್ 3ರಂದು, ಇದೇ ನನ್ನ ಕೊನೇ ಟೂರ್ನಿ, ಮತ್ತೆ ಅರ್ಜಿ ಹಾಕಲ್ಲ ಅಂತ ನ್ಯೂಯಾರ್ಕ್‌ನಲ್ಲಿ ಹೇಳಿದ್ರು. ಇಲ್ಲೂ ಎರಡೇ ದಿನ ನೋಡಿ! ಆದ್ರೆ ಯಾರಿಗೂ ಶಾಕ್ ಆಗ್ಲಿಲ್ಲ. ಬೇರೆ ಟೀಮ್‌ನ ಹೆಸರು ಇರಲಿಲ್ಲ, ಬೋರ್ಡ್‌ಗೆ ಮೊದಲೇ ಗೊತ್ತಿತ್ತು, ಆಟಗಾರರಿಗೂ ಗೊತ್ತಿತ್ತು.

ಫೈನಲ್ ಹೊತ್ತಿಗೆ 'ದ್ರಾವಿಡ್‌ಗೋಸ್ಕರ ಗೆಲ್ಲಿ' ಅನ್ನೋ ಪ್ರಚಾರ ಶುರುವಾಯ್ತು. ಅವರಿಗೆ ಅದು ಇಷ್ಟ ಆಗ್ಲಿಲ್ಲ, ಯಾರಿಗೋಸ್ಕರವೋ ಗೆಲ್ಲೋದನ್ನ ನಾನು ನಂಬಲ್ಲ ಅಂದ್ರು. ಜೂನ್ 29ಕ್ಕೆ ಬಾರ್ಬಡೋಸ್‌ನಲ್ಲಿ ದಕ್ಷಿಣ ಆಫ್ರಿಕಾ ಎದುರು 7 ರನ್ ಗೆಲುವು. ಕೊಹ್ಲಿ ಕಪ್ ಕೈಗಿಟ್ಟಾಗ ಈ ಶಾಂತ ಮನುಷ್ಯ ಕೂಗಿದ ಕೂಗನ್ನ ನೀವೂ ರೀಲ್ಸ್‌ನಲ್ಲಿ ನೋಡಿರ್ತೀರಿ. ಜುಲೈ 9ಕ್ಕೆ ಗೌತಮ್ ಗಂಭೀರ್ ಹೆಸರು ಪ್ರಕಟವಾಯ್ತು.