ಅನಾದಿ ಅನ್ನುವ ಮಾತು

ಮಧುರೆಯ ಚಿತ್ತಿರೈ ಹಬ್ಬವನ್ನು ಎಲ್ಲ ಜಾತಿಗಳ ಹಬ್ಬ ಅಂತಾರೆ. ಏಪ್ರಿಲ್-ಮೇ ಬಿಸಿಲಲ್ಲಿ ಮೀನಾಕ್ಷಿ-ಸುಂದರೇಶ್ವರರ ಮದುವೆ, ಮಾರನೇ ದಿನ ತೇರು. ಇತ್ತ ಬೆಟ್ಟದ ಬುಡದ ಗುಡಿಯಿಂದ ವಿಷ್ಣುವಿನ ರೂಪವಾದ ಅಳಗರ್, ಕಳ್ಳರ್ ಜಾತಿಯವರ ವೇಷ ತೊಟ್ಟು ಹೊರಟು, ಕುದುರೆ ಏರಿ ವೈಗೈ ನದಿಗೆ ಇಳಿಯುತ್ತಾನೆ. ತಂಗಿಯ ಮದುವೆ ಆಗಲೇ ಮುಗಿದುಹೋಗಿತ್ತು, ಅಣ್ಣ ಮುನಿಸಿಕೊಂಡು ಹೊರಗಿಂದಲೇ ತಿರುಗಿ ಹೋದ ಅನ್ನುತ್ತದೆ ಜನರ ಕತೆ.

ಈ ಕತೆಯ ಬೆನ್ನಿಗೆ ಅರಸೊತ್ತಿಗೆಯಿದೆ. ಮದುವೆ ಹಿಂದೆ ಮಾಸಿ ತಿಂಗಳಲ್ಲಿ ನಡೀತಿತ್ತು. 17ನೇ ಶತಮಾನದಲ್ಲಿ ತಿರುಮಲ ನಾಯಕ ಅದನ್ನು ಚಿತ್ತಿರೈಗೆ ತಂದು, ಶೈವರ ಹಬ್ಬವನ್ನೂ ವೈಷ್ಣವರ ಹಬ್ಬವನ್ನೂ ಜೋಡಿಸಿದ. ತೇರು ಮಾತ್ರ ಇವತ್ತಿಗೂ ಮಾಸಿ ಬೀದಿಗಳಲ್ಲೇ ಸುತ್ತುತ್ತದೆ.

ನಾವು ಗಮನಿಸಬೇಕಾದ್ದು ಇದನ್ನೇ. ಅರಸ ಬಯಸಿದರೆ ದೇವರ ಮದುವೆಯ ತಿಂಗಳೇ ಬದಲಾಗುತ್ತದೆ. ದಲಿತರೂ ನಾಡಾರರೂ ಬಾಗಿಲಿಗೆ ಬಂದರೆ ಮಾತ್ರ ಸಂಪ್ರದಾಯ ‘ಅನಾದಿ’ ಆಗಿಬಿಡುತ್ತದೆ! 1939ರ ಜುಲೈ 8ರಂದು ಎ. ವೈದ್ಯನಾಥ ಅಯ್ಯರ್ ಜೊತೆ ಕಕ್ಕನ್ ಮೊದಲಾದ ದಲಿತರು ಮೀನಾಕ್ಷಿ ಗುಡಿಯೊಳಕ್ಕೆ ಕಾಲಿಟ್ಟಾಗ, ಅರ್ಚಕರಲ್ಲಿ ಹಲವರು ಪೂಜೆಗೆ ಬರೋದನ್ನೇ ಬಿಟ್ಟರು. ಒಳಗೆ ಬಿಟ್ಟವರ ಮೇಲೆ ಮೊಕದ್ದಮೆ ಬೀಳದಂತೆ ಮದ್ರಾಸ್ ಸರ್ಕಾರ ಅದೇ ವರ್ಷ ಕಾಯಿದೆ ತರಬೇಕಾಯಿತು.

ಹೊಳೆಯಲ್ಲಿ ಎಲ್ಲರೂ ಒಟ್ಟಿಗೆ ನಿಂತು ದೇವರನ್ನು ನೋಡ್ತಾರೆ, ನಿಜ. ಅದನ್ನು ಸಮಾನತೆ ಅಂತ ಬರೆಯುವ ಮೊದಲು ನಮ್ಮ ವಿಮರ್ಶೆ ಕೇಳಬೇಕಾದ್ದಿದೆ: ಮೊದಲ ಮರ್ಯಾದೆ ಯಾರಿಗೆ? ಪಲ್ಲಕ್ಕಿ ಯಾರ ಹೆಗಲ ಮೇಲೆ? ಬದಲಾವಣೆಗೆ ಒಪ್ಪಿಗೆ ಕೊಡುವವರು ಯಾರು? ನಮ್ಮೂರಿನ ಜಾತ್ರೆಗಳ ಬಗ್ಗೆ ಬರೆಯುವಾಗಲೂ ಈ ಪ್ರಶ್ನೆಗಳು ಕೈಲಿರಲಿ.